ಸೊನ್ನೆ ನಿಮಿಷದಲ್ಲೇ ಬಂದ ಬ್ಯಾಂಡು

ಕಳೆದ ಗುರುವಾರ ವೈವಾ ಮುಗಿಯಿತು. ಸಂಜೆ ಹಾಸನದ ಹೊಸ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ಫೋನಿನ ಗ್ಯಾಲರಿ ತೆಗೆದೆ. ಎಂಟು ತಿಂಗಳಲ್ಲಿ ಒಂದು ಮದುವೆ ಫೋಟೊ ಇಲ್ಲ, ಜಾತ್ರೆ ಫೋಟೊ ಇಲ್ಲ. ಇರುವುದೆಲ್ಲ ಎಕ್ಸ್‌ರೇ ಫಿಲ್ಮಿನ ಮೇಲಿನ ಕಪ್ಪು ಪಟ್ಟೆಗಳು, ಇನ್‌ಕ್ಯುಬೇಟರಿನ ಮೇಲೆ ಕೆಂಪಗೆ ಹೊಳೆಯುವ 37.0, ಯಾರ್ಯಾರದೋ ಸಹಿ ಬಿದ್ದ ಅರ್ಜಿಗಳು. ಇದನ್ನು ಓದುತ್ತಿರುವ ನೀವೂ ಎಂಎಸ್ಸಿ ಕೊನೆಯ ಸೆಮಿಸ್ಟರಿಗೆ ಇಂಥದ್ದೇ ವಿಷಯ ಹಿಡಿದುಕೊಂಡಿದ್ದರೆ, ಸಣ್ಣ ಊರಿನ ಸಣ್ಣ ಲ್ಯಾಬಿನಲ್ಲಿದ್ದರೆ, ನಾನು ಬಿದ್ದ ಹಳ್ಳಗಳಲ್ಲಿ ಅರ್ಧವನ್ನಾದರೂ ದಾಟಿಕೊಳ್ಳಬಹುದು ಅಂತ ಬರೆಯುತ್ತಿದ್ದೇನೆ. ಉದ್ದ ಇದೆ. ನೀರಿನ ವಿಷಯ ಮಾತ್ರ ಬಿಡದೆ ಓದಿ.

ನನ್ನ ವಿಷಯ ಇಷ್ಟು. ಬ್ಯಾಕ್ಟೀರಿಯಾ ಬಂದಿದೆ ಎಂದು ಗೊತ್ತಾದಾಗ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣದ (ಜೀವಕೋಶದ) ಒಳಗೆ ಆ ಸುದ್ದಿ ಹೇಗೆ ಓಡುತ್ತದೆ, ಎಷ್ಟು ನಿಮಿಷಕ್ಕೆ ಎಲ್ಲಿಗೆ ಮುಟ್ಟುತ್ತದೆ. ಅಪ್ಪನಿಗೆ ಇದನ್ನು ಹೇಳಿದ ರೀತಿಯಲ್ಲೇ ನಿಮಗೂ ಹೇಳುತ್ತೇನೆ. ನಮ್ಮೂರು ಬಿಕ್ಕೋಡಿನ ಕಡೆ, ಎರಡೂವರೆ ಎಕರೆ ಕಾಫಿ, ಮರಕ್ಕೆ ಮೆಣಸು. ನಮ್ಮ ಕಡೆ ಆನೆ ಬಂದಿದೆ ಎಂದು ತಿಳಿಯಲು ಆನೆಯನ್ನೇ ಕಾಣಬೇಕಿಲ್ಲ. ಬಿಸಿ ಲದ್ದಿ ಸಾಕು, ಮುರಿದು ಬಿದ್ದ ಬೈನೆ ಮರ ಸಾಕು, ಒದ್ದೆ ಮಣ್ಣಿನಲ್ಲಿ ಮೊರದಗಲ ಹೆಜ್ಜೆ ಸಾಕು. ಒಬ್ಬ ನೋಡಿದನೆಂದರೆ ಅರ್ಧ ಗಂಟೆಯೊಳಗೆ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುದ್ದಿ. ತೋಟಕ್ಕೆ ಹೊರಟ ಆಳುಗಳು ಗೇಟಿನಿಂದಲೇ ವಾಪಸ್, ಶಾಲೆಗೆ ಹೊರಟ ಮಕ್ಕಳು ಮನೆಯೊಳಗೆ.

ಮ್ಯಾಕ್ರೋಫೇಜ್ ಕೂಡ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಗುರುತಿಸಲು ಕಾಯುವುದಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾದಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲೈಪೊಪಾಲಿಸ್ಯಾಕರೈಡ್ ಎಂಬ ವಸ್ತು ಇರುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಎಲ್‌ಪಿಎಸ್ ಅಂತಲೇ ಕರೆಯುವುದು. ಹಳೆಯ ಹೆಸರು ಎಂಡೋಟಾಕ್ಸಿನ್. 1892ರಲ್ಲಿ ಬರ್ಲಿನ್ನಿನಲ್ಲಿ, ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಅವರ ಶಿಷ್ಯ ರಿಚರ್ಡ್ ಫೈಫರ್, ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಕೊಂದರೂ ಅದರಲ್ಲಿ ವಿಷ ಉಳಿಯುವುದನ್ನು ಕಂಡು ಈ ಹೆಸರಿಗೆ ದಾರಿ ಮಾಡಿದರು. "ಬಿಸಿ ಮಾಡಿ ಕೊಂದರೂ ಉಳಿಯುತ್ತದೆ." ಈ ಮಾತನ್ನು ನಾನು ಜನವರಿಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಕೆಂಪು ಪೆನ್ನಿನಿಂದ ಅಡಿಗೆರೆ ಕೂಡ ಎಳೆದಿದ್ದೆ. ಅರ್ಥವಾದದ್ದು ಮೇ ತಿಂಗಳಲ್ಲಿ.

ಮೊದಲು ಕಾಗದಗಳ ಕಥೆ. ಬಳಸಬೇಕಿದ್ದ ಕಣಗಳ ಹೆಸರು ರಾ 264.7. ಇಲಿಯ ಗೆಡ್ಡೆಯೊಂದರಿಂದ ಬಂದ ಮ್ಯಾಕ್ರೋಫೇಜ್ ವಂಶ, ಫ್ಲಾಸ್ಕಿನಲ್ಲಿ ತಾವಾಗಿಯೇ ಬೆಳೆಯುತ್ತವೆ. ನಮ್ಮ ದೇಶದಲ್ಲಿ ಇಂಥ ಕಣಗಳನ್ನು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳಬಹುದು. ಅರ್ಜಿ, ಸಂಸ್ಥೆಯ ಮುಖ್ಯಸ್ಥರ ಸಹಿ, ಹಣ ಕಟ್ಟಿದ ವಿವರ, ಜೊತೆಗೆ ನಮ್ಮ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪತ್ರ ಜೋಡಿಸಿದೆವು. ಪುಣೆಯ ಕಡೆಯಿಂದ ತಡವಾಗಲಿಲ್ಲ. ತಡವಾದದ್ದು ನಮ್ಮ ಕಾಲೇಜಿನ ಅಕೌಂಟ್ಸ್ ಸೆಕ್ಷನ್ನಿನ ಕಬ್ಬಿಣದ ಬೀರುವಿನಲ್ಲಿ. ಫೈಲು ಅಲ್ಲಿ 23 ದಿನ ಮಲಗಿತ್ತು. ನಾನು ದಿನಾ ಹನ್ನೊಂದಕ್ಕೆ ಹೋಗಿ ಬಾಗಿಲಲ್ಲಿ ನಿಲ್ಲುವುದು, ಅವರು "ಸಾರ್ ಮೀಟಿಂಗಲ್ಲಿದಾರೆ, ನಾಳೆ ಬಾಮ್ಮ" ಅನ್ನುವುದು. ಕೊನೆಗೆ ಗೊತ್ತಾಯಿತು, ಆಂಟಿಬಾಡಿ (ಬೇಕಾದ ಪ್ರೋಟೀನನ್ನು ಗುರುತಿಸಿ ಅಂಟುವ ವಸ್ತು) ಖರೀದಿಗೆ ಮೂರು ಕೊಟೇಷನ್ ಬೇಕು, ನಾವು ಇಟ್ಟಿದ್ದು ಒಂದು. ಕಣಗಳ ಅರ್ಜಿಯೂ ಅದೇ ಫೈಲಿನಲ್ಲಿದ್ದದ್ದರಿಂದ ಅದೂ ನಿಂತಿತ್ತು. ಮೊದಲ ದಿನವೇ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ! ಹಾಗಾಗಿ ಕಣಗಳಿಗೆ ಒಂದು ಫೈಲು, ಕೆಮಿಕಲ್ಲಿಗೆ ಇನ್ನೊಂದು ಫೈಲು ಮಾಡಿ. ಪ್ರತಿ ಕಾಗದದ ಎರಡು ಜೆರಾಕ್ಸ್ ನಿಮ್ಮ ಬ್ಯಾಗಿನಲ್ಲಿರಲಿ. ಮೂರು ಕೊಟೇಷನ್ನೂ ಒಂದೇ ತಿಂಗಳ ತಾರೀಖಿನವು ಇರಲಿ.

ಕಣಗಳು ಶಿವರಾತ್ರಿಯ ಹಿಂದಿನ ವಾರ ಬಂದವು, ಅದೂ ಶನಿವಾರ ಸಂಜೆ. ಕೊರಿಯರ್ ಆಫೀಸಿನವರು ಫೋನ್ ಮಾಡಿ "ಮೇಡಂ, ಬಾಕ್ಸಲ್ಲಿ ಏನೋ ನೀರು ಅಲ್ಲಾಡ್ತಾ ಇದೆ, ಸೋಮವಾರ ಕಳಿಸ್ಲಾ?" ಅಂದರು. ನಾನು ಹಾಸ್ಟೆಲ್ಲಿನಿಂದ ಹವಾಯಿ ಚಪ್ಪಲಿಯಲ್ಲೇ ಆಟೋ ಹತ್ತಿದೆ. ಫ್ಲಾಸ್ಕಿನ ಕತ್ತಿನವರೆಗೂ ಗುಲಾಬಿ ಬಣ್ಣದ ಮೀಡಿಯಂ (ಕಣಗಳಿಗೆ ಆಹಾರವಾಗುವ ದ್ರಾವಣ) ತುಂಬಿ, ಬಿಗಿಯಾಗಿ ಮುಚ್ಚಿ, ಟೇಪು ಸುತ್ತಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸಣ್ಣಗೆ, ದುಂಡಗೆ, ರಾಗಿ ಕಾಳು ಚೆಲ್ಲಿದಂತೆ ಹೊಳೆಯುತ್ತಿದ್ದವು. ಆ ಫೋಟೊ ತೆಗೆದಿಟ್ಟುಕೊಂಡೆ. ತೆಗೆದಿಟ್ಟುಕೊಂಡದ್ದೇ ಮುಂದೆ ನನ್ನನ್ನು ಉಳಿಸಿತು.

ಮೊದಲ ವಾರ ನನ್ನ ಗೈಡ್ ಮೇಡಂ ಹೇಳಿದಂತೆ ಎರಡೇ ಕೆಲಸ: ಬೆಳೆಸುವುದು, ಫ್ರೀಜ್ ಮಾಡುವುದು. ಮೇಡಂ ತಮ್ಮ ಸಣ್ಣ ಅನುದಾನದಲ್ಲಿ ತರಿಸಿದ್ದ ಒಂದು ಬಾಟಲಿ ರೆಡಿಮೇಡ್ ಮೀಡಿಯಂ ಇತ್ತು, ಅದರಲ್ಲೇ ಬೆಳೆಸಿ ಐದು ವಯಲ್ ಮೈನಸ್ 80ರಲ್ಲಿ ಇಟ್ಟೆವು. ರೆಡಿಮೇಡ್ ಖಾಲಿಯಾದ ಮೇಲೆ ಎಲ್ಲರಂತೆ ಪುಡಿ ಮೀಡಿಯಂ, ಲ್ಯಾಬಿನ ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿ, ಫಿಲ್ಟರ್ ಮಾಡಿದ್ದು. ಡಿಸ್ಟಿಲ್ಡ್ ವಾಟರ್ ಎಂದರೆ ಮೂಲೆಯಲ್ಲಿರುವ 20 ಲೀಟರಿನ ಬಿಳಿ ಕ್ಯಾನು. ಅಟೆಂಡರ್ ಅಣ್ಣ ಖಾಲಿಯಾದಂತೆಲ್ಲ ತುಂಬಿಸುತ್ತಾರೆ. ಆ ಕ್ಯಾನನ್ನು ಕೊನೆಯ ಬಾರಿ ಯಾವಾಗ ತೊಳೆದದ್ದು ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಇನ್ನು ಬ್ಲಾಟ್. ಗೊತ್ತಿಲ್ಲದವರಿಗೆ: ಕಣಗಳಿಗೆ ಎಲ್‌ಪಿಎಸ್ ಹಾಕಿ, 5, 15, 30, 60, 120ನೇ ನಿಮಿಷಕ್ಕೆ ಒಂದೊಂದು ತಟ್ಟೆಯನ್ನು ಐಸಿನ ಮೇಲಿಟ್ಟು ಕಣ ಒಡೆದು, ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಓಡಿಸಿ, ಒಂದು ತೆಳು ಹಾಳೆಗೆ ವರ್ಗಾಯಿಸಿ, ಬೇಕಾದ ಪ್ರೋಟೀನನ್ನು ಆಂಟಿಬಾಡಿಯಿಂದ ಹುಡುಕುವುದು. ಅದರ ಮೇಲೆ ಕೂರುವ ಎರಡನೇ ಆಂಟಿಬಾಡಿ ಬೆಳಕು ಕೊಟ್ಟು, ಫಿಲ್ಮಿನ ಮೇಲೆ ಕಪ್ಪು ಪಟ್ಟೆ, ಅಂದರೆ ಬ್ಯಾಂಡು, ಮೂಡುತ್ತದೆ. ಇದರ ಹೆಸರು ವೆಸ್ಟರ್ನ್ ಬ್ಲಾಟ್. ಎಡ್ವಿನ್ ಸದರ್ನ್ ಎಂಬವರು ಡಿಎನ್ಎಗೆ ಮಾಡಿದ ವಿಧಾನಕ್ಕೆ ಅವರ ಹೆಸರೇ ಬಂದಿತ್ತು. 'ದಕ್ಷಿಣ' ಇದ್ದ ಮೇಲೆ ಪ್ರೋಟೀನಿಗೆ 'ಪಶ್ಚಿಮ' ಇರಲಿ ಎಂದು 1981ರಲ್ಲಿ ಬರ್ನೆಟ್ ತಮಾಷೆಗೆ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿದೆ.

ಎಲ್ಲಕ್ಕಿಂತ ಮೊದಲು ಸೊನ್ನೆ ನಿಮಿಷದ ತಟ್ಟೆ. ಎಲ್‌ಪಿಎಸ್ ಹಾಕದ, ಏನೂ ಗೊತ್ತಿಲ್ಲದ ಕಣಗಳು. ಅಲ್ಲಿ ಎಚ್ಚರದ ಗುರುತೇನೂ ಕಾಣಬಾರದು.

ಏನು ಕಾಣಬಾರದು ಎನ್ನಲು ಒಳಗಿನ ದಾರಿ ಸ್ವಲ್ಪ ಹೇಳಬೇಕು. ಸೀರಮ್ಮಿನಲ್ಲಿರುವ (ಸೀರಮ್ ಎಂದರೆ ರಕ್ತದ ತಿಳಿ) ಎಲ್‌ಬಿಪಿ ಎಂಬ ಪ್ರೋಟೀನು ಎಲ್‌ಪಿಎಸ್ಸನ್ನು ಕಣದ ಮೇಲಿನ ಸಿಡಿ14ಕ್ಕೆ ಮುಟ್ಟಿಸುತ್ತದೆ. ಸಿಡಿ14 ಅದನ್ನು ಟಿಎಲ್‌ಆರ್4 (ಟೋಲ್-ಲೈಕ್ ರಿಸೆಪ್ಟರ್ 4, ಪೊರೆಯಲ್ಲಿ ಕೂತು ಸುದ್ದಿ ಹಿಡಿಯುವ ಪ್ರೋಟೀನು) ಮತ್ತು ಅದರ ಜೊತೆಗಾರ ಎಂಡಿ-2ಗೆ ದಾಟಿಸುತ್ತದೆ. ಎಲ್‌ಪಿಎಸ್ ಕೂತೊಡನೆ ಎರಡು ಟಿಎಲ್‌ಆರ್4 ಜೋಡಿಯಾಗುತ್ತವೆ, ಪೊರೆಯ ಒಳಗಿರುವ ಅವುಗಳ ಬಾಲಗಳು ಪಕ್ಕಪಕ್ಕ ಬರುತ್ತವೆ. ಆ ಬಾಲಕ್ಕೆ ಮೈಡಿ88 ಎಂಬ ಕೊಂಡಿ ಬಂದು ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಐರಾಕ್ ಕಿಣ್ವಗಳು, ಅವುಗಳಿಂದ ಟ್ರಾಫ್6, ಅಲ್ಲಿಂದ ಟಾಕ್1. ಟಾಕ್1 ಎಂದರೆ ನಮ್ಮ ಬೇಲೂರಿನ ಸರ್ಕಲ್ ಇದ್ದಂತೆ, ಅಲ್ಲಿಂದ ದಾರಿ ಒಡೆಯುತ್ತದೆ. ಒಂದು ದಾರಿ ಪಿ38, ಜೆಎನ್‌ಕೆ ಎಂಬ ಕೈನೇಸುಗಳ (ಫಾಸ್ಫೇಟ್ ಅಂಟಿಸುವ ಕಿಣ್ವಗಳ) ಕಡೆಗೆ. ಇವಕ್ಕೆ ಫಾಸ್ಫೇಟ್ ಅಂಟಿದರೆ ಎಚ್ಚರವಾದವು ಎಂದರ್ಥ. ಇನ್ನೊಂದು ದಾರಿ ಎನ್‌ಎಫ್-ಕಪ್ಪಾ-ಬಿ ಕಡೆಗೆ. ಇದು ಸದಾ ಕಣದಲ್ಲೇ ಇರುತ್ತದೆ, ಆದರೆ ಐ-ಕಪ್ಪಾ-ಬಿ ಎಂಬ ಹಗ್ಗದಲ್ಲಿ ಕಟ್ಟಿಹಾಕಿಸಿಕೊಂಡು. ಸುದ್ದಿ ಬಂದಾಗ ಹಗ್ಗಕ್ಕೆ ಫಾಸ್ಫೇಟ್ ಅಂಟುತ್ತದೆ, ಹಗ್ಗ ಕರಗಿ ಹೋಗುತ್ತದೆ, ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್ಸಿಗೆ ನುಗ್ಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದವುಗಳ ಜೀನುಗಳನ್ನು ತೆರೆಯುತ್ತದೆ. ಜ್ವರ, ಊತ, ಸಂಕಟ ಎಲ್ಲದರ ಬೇರು ಇಲ್ಲಿದೆ. ನನಗೆ ಬಹಳ ಇಷ್ಟವಾದ ಸಂಗತಿ ಏನೆಂದರೆ, ಅದು ತೆರೆಯುವ ಜೀನುಗಳಲ್ಲಿ ಹಗ್ಗದ ಜೀನೂ ಒಂದು. ಬಿಚ್ಚಿಕೊಂಡು ಓಡಿದ ದನವೇ ಹೊಸ ಹಗ್ಗ ಹೊಸೆದು ತಂದುಕೊಡುತ್ತದೆ. ಅರ್ಧ ಗಂಟೆಗೆ ಕಾಣೆಯಾದ ಐ-ಕಪ್ಪಾ-ಬಿ ಒಂದು ಗಂಟೆಯ ಹೊತ್ತಿಗೆ ಮರಳಿ ಬರುತ್ತದೆ.

ಎನ್‌ಎಫ್-ಕಪ್ಪಾ-ಬಿಯನ್ನು 1986ರಲ್ಲಿ ಕಂಡುಹಿಡಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಟಿಎಲ್‌ಆರ್ ಕಥೆ ಇನ್ನೂ ಸೊಗಸು. 'ಟೋಲ್' ಎಂಬ ಜೀನು ಮೊದಲು ಗೊತ್ತಾದದ್ದು ಹಣ್ಣಿನ ನೊಣದಲ್ಲಿ, ಭ್ರೂಣದ ಬೆಳವಣಿಗೆಯ ಲೆಕ್ಕದಲ್ಲಿ. ಅದೇ ಜೀನು ನೊಣವನ್ನು ಬೂಷ್ಟಿನ ಸೋಂಕಿನಿಂದ ಕಾಯುತ್ತದೆ ಎಂದು 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ, ಎಲ್‌ಪಿಎಸ್ ಚುಚ್ಚಿದರೂ ಏನೂ ಆಗದ ಒಂದು ಇಲಿ ವಂಶದಲ್ಲಿ ಕೆಟ್ಟಿರುವುದು ಟಿಎಲ್‌ಆರ್4 ಜೀನು ಎಂದು ಕಂಡುಹಿಡಿಯಿತು. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಇದನ್ನೆಲ್ಲ ವೈವಾದಲ್ಲಿ ಕೇಳುತ್ತಾರೆ ಎಂದು ಬಾಯಿಪಾಠ ಮಾಡಿದ್ದೆ. ಕೇಳಲಿಲ್ಲ.

ಮೊದಲ ಬ್ಲಾಟ್ ಮಾರ್ಚ್ ಕೊನೆಗೆ. ಖಾಲಿ. ಜೆಲ್ಲು, ಹಾಳೆ ತಿರುಗುಮುರುಗಾಗಿ ಇಟ್ಟಿದ್ದೆ. ಪ್ರೋಟೀನೆಲ್ಲ ಬಫರಿನಲ್ಲಿ ಹೋಮ. ಜೆಲ್ಲು ಕಪ್ಪು (ಋಣ ವಿದ್ಯುತ್) ಕಡೆ, ಹಾಳೆ ಕೆಂಪು (ಧನ ವಿದ್ಯುತ್) ಕಡೆ. ಡಬ್ಬಿಯ ಮೇಲೆ ಬರೆದು ಅಂಟಿಸಿ.

ಎರಡನೆಯದು ಇಡೀ ಹಾಳೆ ಮಸಿ. ಆಂಟಿಬಾಡಿ ಹಾಳೆಗೆಲ್ಲ ಅಂಟದಿರಲಿ ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲ ಬ್ಲಾಟಿಗೂ ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ಹಾಳೆಯನ್ನು ನೆನೆಸುವುದು ವಾಡಿಕೆ. ಹಾಸನದಲ್ಲಿ ಹಾಲಿಗೇನು ಬರ? ಆದರೆ ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. ಫಾಸ್ಫೇಟ್ ಹುಡುಕುವ ಆಂಟಿಬಾಡಿಯ ಮುಂದೆ ಹಾಲು ಇಡುವುದು ಕಳ್ಳನನ್ನು ಹುಡುಕಲು ಬಂದ ನಾಯಿಯ ಮುಂದೆ ಬಾಡೂಟ ಇಟ್ಟ ಹಾಗೆ. ಇಂಥ ಫಾಸ್ಫೋ ಆಂಟಿಬಾಡಿಗೆ ಹಾಲಿನ ಬದಲು ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನು) ಬಳಸಿ. ದುಬಾರಿ, ಆದರೆ ಆಂಟಿಬಾಡಿಯಷ್ಟಲ್ಲ. ಫಾಸ್ಫೋ-ಪಿ38, ಅಂದರೆ ಫಾಸ್ಫೇಟ್ ಅಂಟಿದ ಪಿ38 ಹುಡುಕುವ ಆಂಟಿಬಾಡಿ ನಮಗೆ 100 ಮೈಕ್ರೋಲೀಟರಿಗೆ 38,000 ರೂಪಾಯಿ ಬಿತ್ತು. ಒಂದು ದೊಡ್ಡ ಮಳೆಹನಿ ಎರಡು ಸೇರಿದರೆ ಅಷ್ಟು. ಅಪ್ಪನಿಗೆ ಹೇಳಿದಾಗ "ಅಷ್ಟಕ್ಕೆ ಹತ್ತಿರ ಹತ್ತಿರ ಒಂದು ಹಸ ಬತ್ತದಲ್ಲ ಮಗಾ" ಅಂದರು.

ಇನ್ನೊಂದು ಎಡವಟ್ಟು. ಪಿ38, ಐ-ಕಪ್ಪಾ-ಬಿ, ಮತ್ತು ಎಲ್ಲ ಸಾಲಿಗೂ ಪ್ರೋಟೀನು ಸರಿಸಮ ಹಾಕಿದ್ದೇವೆಂದು ತೋರಿಸಲು ಬಳಸುವ ಆಕ್ಟಿನ್, ಮೂರೂ ಸುಮಾರು 40 ಕಿಲೋಡಾಲ್ಟನ್ (ಪ್ರೋಟೀನಿನ ಗಾತ್ರದ ಅಳತೆ) ಆಸುಪಾಸಿನವೇ. ಒಂದೇ ಹಾಳೆಯಲ್ಲಿ ಹುಡುಕಿದರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ನಾನು ಆಕ್ಟಿನ್ ಆಂಟಿಬಾಡಿ ತರಿಸಿ ಆಗಿತ್ತು. ಪಕ್ಕದ ಲ್ಯಾಬಿನವರ ಟ್ಯೂಬ್ಯುಲಿನ್ ಆಂಟಿಬಾಡಿಗೆ ಅದಲು ಬದಲು ಮಾಡಿಕೊಂಡೆ, ಅದು 50ರ ಮೇಲೆ ಬರುತ್ತದೆ. ಆರ್ಡರ್ ಹಾಕುವ ಮೊದಲು ಗಾತ್ರಗಳನ್ನು ಒಂದು ಚೀಟಿಯಲ್ಲಿ ಬರೆದು ನೋಡಿ, ಎರಡು ನಿಮಿಷದ ಕೆಲಸ.

ಏಪ್ರಿಲ್ ಎರಡನೇ ವಾರ, ಮೂರನೆಯ ಬ್ಲಾಟ್. ನಮ್ಮಲ್ಲಿ ಇಮೇಜಿಂಗ್ ಯಂತ್ರ ಇಲ್ಲ. ಎಕ್ಸ್‌ರೇ ಫಿಲ್ಮು, ಡೆವಲಪರ್, ಫಿಕ್ಸರ್, ಕೆಂಪು ಬಲ್ಬಿನ ಕತ್ತಲೆ ಕೋಣೆ. ಫಿಲ್ಮನ್ನು ಡೆವಲಪರಿನಲ್ಲಿ ಅಲ್ಲಾಡಿಸುತ್ತಿದ್ದಂತೆ ಪಟ್ಟೆಗಳು ನಿಧಾನಕ್ಕೆ ಮೂಡಿದವು. ನಾನು ಕಿರುಚಿದೆ. ಹೊರಗೆ ಬಂದು ಬೆಳಕಿಗೆ ಹಿಡಿದು ನೋಡಿದರೆ ಫಾಸ್ಫೋ-ಪಿ38 ಬ್ಯಾಂಡು ಆರೂ ಸಾಲಿನಲ್ಲಿದೆ. ಸೊನ್ನೆ ನಿಮಿಷದಲ್ಲೂ. 30ನೇ ನಿಮಿಷಕ್ಕೂ ಸೊನ್ನೆಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ.

ಮೇಡಂ "ಸ್ಯಾಂಪಲ್ ಅದಲು ಬದಲಾಗಿರ್ಬೇಕು, ಮತ್ತೆ ಮಾಡಮ್ಮ" ಅಂದರು. ಮತ್ತೆ ಮಾಡಿದೆ. ಅದೇ. ಮತ್ತೆ. ಅದೇ. ಒಮ್ಮೆ ಮಧ್ಯದಲ್ಲಿ ಗುಡುಗು ಮಳೆ ಬಂದು ರಾತ್ರಿಯೆಲ್ಲ ಕರೆಂಟ್ ಹೋಗಿ, ಯುಪಿಎಸ್ ಮೂರು ಗಂಟೆ ಎಳೆದು ಕೈಚೆಲ್ಲಿ, ಬೆಳಿಗ್ಗೆ ಇನ್‌ಕ್ಯುಬೇಟರ್ 26 ಡಿಗ್ರಿಗೆ ಇಳಿದಿತ್ತು. ಆ ಬ್ಯಾಚ್ ಎಸೆದೆ. ಹಾಸನದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಕಣ ಬೆಳೆಸುವವರು ಮಧ್ಯಾಹ್ನ ಮೂರರ ಮೋಡ ನೋಡಿ ಪ್ರಯೋಗ ಶುರು ಮಾಡಿ, ಇದು ತಮಾಷೆಯಲ್ಲ. ಆ ಮೂರು ವಾರ ಹಾಸ್ಟೆಲ್ಲಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಗೆಳತಿ ಥೀಸಿಸ್ ಬೈಂಡಿಂಗಿಗೆ ಕೊಟ್ಟು ಬಂದ ದಿನ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸೊನ್ನೆ ನಿಮಿಷದ ಫಿಲ್ಮನ್ನು ಕಡಿಮೆ ಹೊತ್ತು ಇಟ್ಟು ತೆಳುವಾಗಿ ತೋರಿಸಿಬಿಡೋಣ ಎನ್ನುವ ಯೋಚನೆಯೂ ಬಂದಿತ್ತು. ಮುಚ್ಚಿಡುವುದಿಲ್ಲ. ಆದರೆ ಆರೂ ಸಾಲು ಇರುವುದು ಒಂದೇ ಫಿಲ್ಮಿನಲ್ಲಿ, ಒಂದನ್ನು ಮಾತ್ರ ತೆಳು ಮಾಡುವುದು ಎಂದರೆ ಕತ್ತರಿ ಹಾಕಬೇಕು. ಕತ್ತರಿ ಕೈಗೆ ಬರಲಿಲ್ಲ.

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ವಿಭಾಗದ ಹಳೆಯ ಸೀನಿಯರ್ ಅಕ್ಕ ಅಜ್ಜಿ ತಿಥಿಗೆಂದು ಊರಿಗೆ ಬಂದವರು ಲ್ಯಾಬಿಗೂ ಬಂದರು. ಬ್ಲಾಟ್ ತೋರಿಸಲು ಹೋದರೆ "ಅದಿರ್ಲಿ, ಮೊದ್ಲು ಕಣ ತೋರ್ಸು" ಅಂದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಅರ್ಧ ನಿಮಿಷ ಮಾತಾಡಲಿಲ್ಲ. "ಇವು ಯಾವತ್ತಿಂದ ಹಿಂಗೆ ಕೈಕಾಲು ಚಾಚ್ಕೊಂಡಿವೆ?"

ನಾನು ಅದನ್ನು ಆರೋಗ್ಯ ಅಂದುಕೊಂಡಿದ್ದೆ. ಚೆನ್ನಾಗಿ ಅಂಟಿವೆ, ಹರಡಿವೆ ಎಂದು ಖುಷಿಪಟ್ಟಿದ್ದೆ. ಫೋನಿನಲ್ಲಿ ಶಿವರಾತ್ರಿ ಹೊತ್ತಿನ ಫೋಟೊ ತೆಗೆದು ಪಕ್ಕಕ್ಕಿಟ್ಟರು. ಅಲ್ಲಿ ರಾಗಿ ಕಾಳು, ಇಲ್ಲಿ ಚಪ್ಪಟೆ, ಉದ್ದ, ಮುಳ್ಳು ಮುಳ್ಳು, ಒಳಗೆಲ್ಲ ಗುಳ್ಳೆ. ಈ ವಂಶದ ಕಣಗಳು ಎಚ್ಚೆತ್ತಾಗ ಕಾಣುವುದೇ ಹೀಗೆ. ನನ್ನ ಕಣಗಳಿಗೆ ಯಾರೋ ಈಗಾಗಲೇ ಆನೆಯ ಸುದ್ದಿ ಮುಟ್ಟಿಸಿದ್ದರು.

"ನೀರು ಯಾವ್ದು?"

ಮೂಲೆಯ ಬಿಳಿ ಕ್ಯಾನು ತೋರಿಸಿದೆ. ಅಕ್ಕ ಮುಚ್ಚಳ ತೆಗೆದು ಒಳಗೋಡೆಗೆ ಬೆರಳು ಹಾಕಿ ಉಜ್ಜಿ ತೋರಿಸಿದರು. ಲೋಳೆ. ನಾನು ವಾದ ಮಾಡಿದೆ: ಬಫರನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದ್ದೇನೆ (ಒತ್ತಡದ ಹಬೆಯಲ್ಲಿ ಬೇಯಿಸಿದ್ದೇನೆ), ಮೀಡಿಯಂ ಅನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದೇನೆ, ಒಂದು ಜೀವಂತ ಬ್ಯಾಕ್ಟೀರಿಯಾ ಇರಲು ಸಾಧ್ಯವಿಲ್ಲ. "ಜೀವಂತ ಇಲ್ಲ ಸರಿ. ಎಲ್‌ಪಿಎಸ್ ಎಲ್ಲಿಗೆ ಹೋಯ್ತು?" ಅಂದರು.

ಆನೆ ಸತ್ತರೂ ಲದ್ದಿ ಅಲ್ಲೇ ಇರುತ್ತದೆ. ಆಟೋಕ್ಲೇವ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಎಲ್‌ಪಿಎಸ್ಸನ್ನು ಬಹಳವೇನೂ ಕೆಡಿಸುವುದಿಲ್ಲ. ಆ ಫಿಲ್ಟರಿನ ರಂಧ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಕೊಳ್ಳುತ್ತದೆ, ಎಲ್‌ಪಿಎಸ್ ಜಾರಿ ಹೋಗುತ್ತದೆ. ಗಾಜಿನ ಸಾಮಾನಿನಿಂದ ಅದನ್ನು ಸುಟ್ಟು ತೆಗೆಯಲು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಫೈಫರ್ ಅವರ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದವಳು ನಾನೇ.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಎಚ್ಚರವಾಗಿದ್ದರೆ ನಾನು ಮತ್ತೆ ಎಲ್‌ಪಿಎಸ್ ಹಾಕಿದಾಗ ಇನ್ನೂ ಜೋರಾಗಿ ಎದ್ದೇಳಬೇಕಿತ್ತಲ್ಲ? ಯಾಕೆ ಸುಮ್ಮನಿದ್ದವು? ನಮ್ಮೂರಿನಲ್ಲೂ ಹಾಗೇ. ದಿನಾ ಆನೆ ಮೆಸೇಜು ಬಂದರೆ ಯಾರೂ ಹಾಸಿಗೆಯಿಂದ ಏಳುವುದಿಲ್ಲ. ಎಲ್‌ಪಿಎಸ್ಸಿನಲ್ಲೇ ದಿನಗಟ್ಟಲೆ ನೆನೆದ ಮ್ಯಾಕ್ರೋಫೇಜ್ ಒಳಗಿನ ದಾರಿಗೆ ತಾನೇ ತಡೆ ಹಾಕಿಕೊಳ್ಳುತ್ತದೆ. ಐರಾಕ್-ಎಂ, ಎ20 ಎಂಬ ಪ್ರೋಟೀನುಗಳು ಈ ತಡೆಗಳಲ್ಲಿ ಕೆಲವು. ಎಂಡೋಟಾಕ್ಸಿನ್ ಸಹಿಷ್ಣುತೆ ಎಂದು ಇದಕ್ಕೆ ಹೆಸರು. ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹವೇ ಕೆಡುವ ಸ್ಥಿತಿ) ರೋಗಿಗಳ ರಕ್ತದ ಕಣಗಳೂ ಹೀಗೆ ಮಂಕಾಗುತ್ತವೆ, ಆಗ ಎರಡನೇ ಸೋಂಕು ಸುಲಭವಾಗಿ ಒಳನುಗ್ಗುತ್ತದೆ. ನಾನು ಗೊತ್ತಿಲ್ಲದೆ ಬೇರೆಯೇ ಒಂದು ಪ್ರಾಜೆಕ್ಟ್ ಮಾಡಿ ಮುಗಿಸಿದ್ದೆ.

ಹಾಗಾದರೆ ಸೊನ್ನೆಯ ಪಿ38 ಎಲ್ಲಿಂದ ಬಂತು? ಅದು ನನ್ನ ಕೈಯಿಂದಲೇ ಬಂದದ್ದು. ಪ್ರಯೋಗಕ್ಕೆ ಅರ್ಧ ಗಂಟೆ ಮೊದಲು "ಫ್ರೆಶ್ ಇರಲಿ" ಎಂದು ಫ್ರಿಜ್ಜಿನ ಮೀಡಿಯಂ ಸುರಿದು ಬದಲಿಸುತ್ತಿದ್ದೆ. ಪಿ38 ಬ್ಯಾಕ್ಟೀರಿಯಾಕ್ಕೆ ಮಾತ್ರ ಓಗೊಡುವುದಲ್ಲ. ಚಳಿ, ಅಲುಗಾಟ, ಯಾವ ಕಿರುಕುಳಕ್ಕೂ ಅದಕ್ಕೆ ಫಾಸ್ಫೇಟ್ ಅಂಟುತ್ತದೆ. ಅಂದರೆ ಎರಡು ತಪ್ಪು ಒಂದರ ಮೇಲೊಂದು ಕೂತು ಒಂದೇ ತಪ್ಪಿನಂತೆ ಕಾಣುತ್ತಿದ್ದವು.

ಗುಮಾನಿ ಸಾಲದು, ತೋರಿಸಬೇಕು. ಮೇಡಂ ಫ್ರೀಜರಿನ ಕೆಳಗಿನ ಡ್ರಾಯರಿನಿಂದ ಪಾಲಿಮಿಕ್ಸಿನ್-ಬಿ ಹುಡುಕಿ ಕೊಟ್ಟರು. ಅದು ಎಲ್‌ಪಿಎಸ್ಸಿನ ಬಾಲ ಹಿಡಿದು ಕಟ್ಟಿಹಾಕುವ ಔಷಧ. ಮೈನಸ್ 80ರಲ್ಲಿದ್ದ ಹಳೆಯ, ಒಳ್ಳೆಯ ವಯಲ್ ತೆಗೆದು ಬೆಳೆಸಿ, ಒಂದು ತಟ್ಟೆಗೆ ಕ್ಯಾನಿನ ನೀರಿನ ಮೀಡಿಯಂ, ಇನ್ನೊಂದಕ್ಕೆ ಅದೇ ಮೀಡಿಯಂ ಜೊತೆ ಪಾಲಿಮಿಕ್ಸಿನ್. ಮೊದಲನೆಯದರಲ್ಲಿ ಐ-ಕಪ್ಪಾ-ಬಿ ಅರ್ಧ ಗಂಟೆಗೆ ಮಾಯ. ಎರಡನೆಯದರಲ್ಲಿ ಹಾಗೇ ಇತ್ತು. ಕ್ಯಾನು ತಪ್ಪೊಪ್ಪಿಕೊಂಡಂತಾಯಿತು. ಲಿಮ್ಯುಲಸ್ ಪರೀಕ್ಷೆ ಮಾಡಿದ್ದರೆ ಇನ್ನೂ ಖಚಿತ. ಕುದುರೆ ಲಾಳದ ಆಕಾರದ ಏಡಿಯ ರಕ್ತಸಾರ ಎಂಡೋಟಾಕ್ಸಿನ್ ಕಂಡರೆ ಹೆಪ್ಪುಗಟ್ಟುತ್ತದೆ, ಅದನ್ನೇ ಕಿಟ್ ಮಾಡಿ ಮಾರುತ್ತಾರೆ. ನಮ್ಮ ಬಜೆಟ್ಟಿಗೆ ಎಟುಕಲಿಲ್ಲ.

ಒಳ್ಳೆಯ ನೀರಿಗೆ ಏನು ಮಾಡಿದೆ ಎಂದು ವೈವಾದ ದಿನ ಮೂವರು ಕೇಳಿದರು, ಅದನ್ನೇ ಬರೆಯುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಇಂಜೆಕ್ಷನ್ ನೀರಿನ ಬಾಟಲಿ. ರಕ್ತನಾಳಕ್ಕೆ ಹೋಗುವ ನೀರಾದ್ದರಿಂದ ಅದರಲ್ಲಿ ಎಂಡೋಟಾಕ್ಸಿನ್ ಎಷ್ಟಿರಬಹುದು ಎನ್ನುವುದಕ್ಕೆ ಕಾನೂನಿನ ಮಿತಿ ಇದೆ. ಅಂಗಡಿಯಣ್ಣ "ಯಾರಿಗಮ್ಮ ಹುಷಾರಿಲ್ಲ, ಇಷ್ಟೊಂದು?" ಎಂದು ಗಾಬರಿಯಾದರು. "ಇಲಿಗೆ" ಅಂದೆ. ಗಾಜಿನ ಬಾಟಲಿಗಳನ್ನೆಲ್ಲ ಓವನ್ನಿನಲ್ಲಿ 250ಕ್ಕೆ ಸುಟ್ಟೆ. ಪ್ಲಾಸ್ಟಿಕ್ ಎಲ್ಲ ಹೊಸದು. ಸೀರಮ್ ಕೊಳ್ಳುವಾಗ ಬಾಟಲಿಯ ಜೊತೆ ಬರುವ ಸರ್ಟಿಫಿಕೇಟಿನಲ್ಲಿ ಎಂಡೋಟಾಕ್ಸಿನ್ ಮಟ್ಟ ನೋಡಿಕೊಳ್ಳಿ. ಪ್ರಯೋಗದ ಹಿಂದಿನ ರಾತ್ರಿ ಕಣಗಳನ್ನು ತಟ್ಟೆಗೆ ಹಾಕಿ ಬಿಟ್ಟುಬಿಡಿ, ಬೆಳಿಗ್ಗೆ ಮೀಡಿಯಂ ಮುಟ್ಟಬೇಡಿ. ಎಲ್‌ಪಿಎಸ್ಸನ್ನು ಅದೇ ತಟ್ಟೆಯ ಸ್ವಲ್ಪ ಬೆಚ್ಚನೆಯ ಮೀಡಿಯಂನಲ್ಲಿ ಕಲಸಿ ಮೆತ್ತಗೆ ಸೇರಿಸಿ. ಸೊನ್ನೆಯ ತಟ್ಟೆಗೂ ಎಲ್‌ಪಿಎಸ್ ಇಲ್ಲದ ಅಷ್ಟೇ ಮೀಡಿಯಂ, ಅಷ್ಟೇ ಮೆತ್ತಗೆ. ನಾನು ಹಾಕಿದ್ದು ಮಿಲಿಲೀಟರಿಗೆ 100 ನ್ಯಾನೋಗ್ರಾಂ. ಕಣ ಒಡೆಯುವ ದ್ರಾವಣಕ್ಕೆ ವನಡೇಟ್ ಮರೆಯಬೇಡಿ, ಇಲ್ಲದಿದ್ದರೆ ಕಣದ ಕಿಣ್ವಗಳೇ ಫಾಸ್ಫೇಟ್ ಕಿತ್ತುಹಾಕುತ್ತವೆ. ಆಂಟಿಬಾಡಿ ದ್ರಾವಣವನ್ನು ಎಸೆಯದೆ ಚಿಟಿಕೆ ಸೋಡಿಯಂ ಅಜೈಡ್ ಹಾಕಿ 4 ಡಿಗ್ರಿಯಲ್ಲಿಟ್ಟು ನಾಲ್ಕೈದು ಸಲ ಬಳಸಿದೆ. ಅಜೈಡ್ ವಿಷ, ಗ್ಲೌಸ್ ಇರಲಿ. ಬೆಳಕು ಕೊಡುವ ಎರಡನೇ ಆಂಟಿಬಾಡಿಗೆ ಮಾತ್ರ ಹಾಕಬೇಡಿ, ಅದರ ಕಿಣ್ವ ಸಾಯುತ್ತದೆ.

ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಎಲ್ಲ ಕೇಳಿ, "ಬರೀ ನೀರ್ ಸರಿ ಇಲ್ಲ ಅಂತ ತಿಳ್ಕಳಕ್ಕೆ ಎಲ್ಡ್ ತಿಂಗಳಾ ಮಗಾ? ನಮ್ ಬಾವಿನೇ ವರ್ಸಕ್ಕೊಂದ್ ಸಲ ಕೆಸರು ತಗೀತೀವಲ್ಲ" ಅಂದರು. ಅಮ್ಮ ಹಿಂದಿನಿಂದ "ಊಟ ಮಾಡಿದ್ಯಾ ಕೇಳಿ ಮೊದ್ಲು" ಅನ್ನುತ್ತಿದ್ದರು.

ಜೂನ್ ಮೊದಲ ವಾರ, ಹೊರಗೆ ಜಡಿಮಳೆ. ಕತ್ತಲೆ ಕೋಣೆಯಲ್ಲಿ ಫಿಲ್ಮು ಅಲ್ಲಾಡಿಸುತ್ತಾ ನಾನು ಎಡಗಡೆಯ ಮೊದಲ ಸಾಲನ್ನು ಮಾತ್ರ ನೋಡುತ್ತಿದ್ದೆ. 15ನೇ ನಿಮಿಷದ ಬ್ಯಾಂಡು ಮೂಡಿತು, 30ರದ್ದು ಗಾಢವಾಯಿತು, 60ರದ್ದು ತೆಳುವಾಗಿ ಬಂತು. ಎಡಗಡೆಯದು ಬರಲಿಲ್ಲ. ಇನ್ನೂ ಅರ್ಧ ನಿಮಿಷ ಅಲ್ಲಾಡಿಸಿದೆ. ಬರಲೇ ಇಲ್ಲ. ಖಾಲಿ ಜಾಗ ನೋಡಿ ಅಷ್ಟು ಖುಷಿಯಾದದ್ದು ಜೀವನದಲ್ಲಿ ಅದೇ ಮೊದಲು. ಐ-ಕಪ್ಪಾ-ಬಿ ಹಾಳೆಯಲ್ಲಿ ಇದರ ಉಲ್ಟಾ: ಸೊನ್ನೆಯಲ್ಲಿ ದಪ್ಪ ಬ್ಯಾಂಡು, 30ಕ್ಕೆ ಹೆಚ್ಚುಕಡಿಮೆ ಇಲ್ಲ, 60ಕ್ಕೆ ಮರಳಿ, 120ಕ್ಕೆ ಮೊದಲಿನಂತೆ. ದನ ಹಗ್ಗ ತಂದಿತ್ತು. ಟ್ಯೂಬ್ಯುಲಿನ್ ಆರೂ ಸಾಲಿನಲ್ಲಿ ಒಂದೇ ಸಮ. ಇನ್ನೆರಡು ಸಲ ಮಾಡಿದೆ, ಹಾಗೇ ಬಂತು.

ಖರ್ಚು. ಆಂಟಿಬಾಡಿ, ಸೀರಮ್ ದೊಡ್ಡ ಪಾಲು ಮೇಡಂ ಅನುದಾನದಿಂದ, ಮೂವರು ಹಂಚಿಕೊಂಡೆವು. ನನ್ನ ಕೈಯಿಂದ ಹೋದದ್ದು 21,400 ರೂಪಾಯಿ. ಅದರಲ್ಲಿ ಫಿಲ್ಮು, ಪ್ಲಾಸ್ಟಿಕ್, ಬಿಎಸ್‌ಎ, ಎರಡು ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನ ಪಾಲು, ಹೆಚ್ಚುವರಿ ತಿಂಗಳುಗಳ ಮೆಸ್ ಬಿಲ್ಲು, ಬೈಂಡಿಂಗ್ ಎಲ್ಲ ಸೇರಿದೆ. ಮೆಣಸು ಮಾರಿದ ದುಡ್ಡು. ಬಸ್ಸಿಗೆ ಮಾತ್ರ ಖರ್ಚಿಲ್ಲ, ಶಕ್ತಿ ಯೋಜನೆ ಪುಣ್ಯ. ಇಂಜೆಕ್ಷನ್ ನೀರಿಗೆ ಆದದ್ದು ಎರಡು ಸಾವಿರಕ್ಕಿಂತ ಕಡಿಮೆ. ಮೊದಲೇ ಕೊಂಡಿದ್ದರೆ ಮೂರು ತಿಂಗಳ ಮೆಸ್ ಬಿಲ್ಲು ಉಳಿಯುತ್ತಿತ್ತು.

ವೈವಾಕ್ಕೆ ಮೈಸೂರಿನಿಂದ ಬಂದ ಪರೀಕ್ಷಕರು ಸೌಮ್ಯ ಮನುಷ್ಯ. ನೊಬೆಲ್ ಕೇಳಲಿಲ್ಲ, ಇಸವಿ ಕೇಳಲಿಲ್ಲ. ನೇರ ಕೊನೆಯ ಬ್ಲಾಟಿಗೆ ಹೋಗಿ, ಮೊದಲ ಸಾಲಿನ ಮೇಲೆ ಪೆನ್ನಿಟ್ಟು, "ಇದು ಇಷ್ಟು ಕ್ಲೀನಾಗಿ ಹೇಗೆ ಬಂತಮ್ಮ?" ಅಂದರು. ಮೂಲ ಫಿಲ್ಮು ತೆಗೆದು ಕೊಟ್ಟೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಏಪ್ರಿಲ್ಲಿನ ಹಾಳು ಬ್ಲಾಟುಗಳನ್ನು ಅನುಬಂಧದಲ್ಲಿ ಹಾಕಿದ್ದನ್ನು ತೋರಿಸಿದೆ. ಅವನ್ನು ಸೇರಿಸಬೇಕೋ ಬೇಡವೋ ಎಂದು ಮೇಡಂ ಜೊತೆ ಜಗಳವೇ ಆಗಿತ್ತು. ಅವರು ಹೆಚ್ಚು ಹೊತ್ತು ಕಳೆದದ್ದು ಆ ಪುಟಗಳಲ್ಲೇ. ನಂತರ ಒಂದು ಪ್ರಶ್ನೆಗೆ ಸಿಕ್ಕಿಬಿದ್ದೆ. ಟಿಎಲ್‌ಆರ್4 ಕಣದೊಳಗೆ ಸೆಳೆದುಕೊಂಡ ಮೇಲೆ ಟ್ರಿಫ್ ಎಂಬ ಇನ್ನೊಂದು ಕೊಂಡಿಯ ಮೂಲಕ ಇಂಟರ್‌ಫೆರಾನ್ ದಾರಿಯನ್ನೂ ಹಿಡಿಯುತ್ತದೆ. "ನಿನ್ನ 60 ನಿಮಿಷದ ಬ್ಯಾಂಡಿನಲ್ಲಿ ಮೈಡಿ88ದು ಎಷ್ಟು, ಟ್ರಿಫ್‌ದು ಎಷ್ಟು?" ನನ್ನ ಪ್ರಯೋಗದಲ್ಲಿ ಬೇರ್ಪಡಿಸಲು ಆಗುವುದಿಲ್ಲ ಸಾರ್ ಅಂದೆ. ಸರಿ ಎಂಬಂತೆ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು.

ಈಗ ಬಿಳಿ ಕ್ಯಾನಿನ ಮೇಲೆ ಮಾರ್ಕರಿನಲ್ಲಿ 'ನೆಲ ಒರೆಸಲು ಮಾತ್ರ' ಎಂದು ಬರೆದು ಬಂದಿದ್ದೇನೆ. ಫಾಸ್ಫೋ-ಪಿ38 ಆಂಟಿಬಾಡಿ ಇನ್ನೂ 18 ಮೈಕ್ರೋಲೀಟರ್ ಉಳಿದಿದೆ. ಮೈನಸ್ 20ರ ಫ್ರೀಜರಿನ ಎರಡನೇ ಅರೆ, ಹಸಿರು ಮುಚ್ಚಳದ ಡಬ್ಬಿ. ಒಳ್ಳೆಯ ಕಣಗಳ ವಯಲ್ ಎರಡಿವೆ, ಅವುಗಳ ಮೇಲೆ 'ರೆಡಿಮೇಡ್ ಮೀಡಿಯಂ' ಅಂತ ಚೀಟಿ ಇದೆ, ಬೇರೆಯವುಗಳ ಜೊತೆ ಕಲಸಬೇಡಿ. ಬೇಕಾದ ಜೂನಿಯರ್‌ಗಳು ಮೇಡಂಗೆ ಹೇಳಿ ತೆಗೆದುಕೊಳ್ಳಿ. ಓವನ್ನಿನ ಬಾಗಿಲು ಎತ್ತಿ ಹಾಕಿದರಷ್ಟೇ ಮುಚ್ಚುವುದು.